ಕಾರಿಗೆ ಲಾಕ್ ಹಾಕದೆ, ಒಳಗೆ ಲೆನ್ಸ್ ಬಿಟ್ಟು ಹೋಗೋದು ಯಾಕೆ?

ಸರ್, ನಿಮ್ಮ ಪ್ರಶ್ನೆ ಓದಿದೆ. ಹಕ್ಕಿ ನೋಡೋಕೆ ಬಂದ ತಂಡದ ಎರಡು ಕಾರು ಲಾಕ್ ಆಗದೆ ನಿಂತಿದ್ದವು, ಒಂದರ ಹಿಂದಿನ ಸೀಟಲ್ಲಿ ದೂರದ ಹಕ್ಕಿ ಫೋಟೋ ತೆಗೆಯೋ ಟೆಲಿ ಲೆನ್ಸ್ ಇರೋ ಬ್ಯಾಗು ಎದ್ದು ಕಾಣ್ತಿತ್ತು, ಅಷ್ಟು ದುಡ್ಡು ಸುರಿದು ತಗೊಂಡವರು ಹೀಗೆ ಹೇಗೆ ಮಾಡ್ತಾರೆ ಅಂತ ಕೇಳಿದ್ದೀರಿ. ಮೇಲೆ ಬಂದಿರೋ ಉತ್ತರಗಳೆಲ್ಲ ಸೋಮಾರಿತನ, ದುಡ್ಡಿನ ಸೊಕ್ಕು ಅಂತ ಬೈದಿವೆ. ನನಗದು ಒಪ್ಪಿಗೆ ಇಲ್ಲ. ಲೆನ್ಸಿನ ಮೇಲೆ ಒಂದು ಕಣ ಧೂಳು ಕೂರೋಕೆ ಬಿಡದವರೇ ಕಾರಿನ ಬಾಗಿಲು ಮರೆತು ಹೋಗೋದನ್ನ ನೋಡಿದ್ದೀನಿ. ಅವರಿಗೆ ವಸ್ತುವಿನ ಮೇಲೆ ಕಾಳಜಿ ಇದೆ. ಲಾಕ್ ಮಾಡೋ ಕೆಲಸ ಬರೋ ಸಮಯವೇ ಕೆಟ್ಟದ್ದು.

ಯೋಚನೆ ಮಾಡಿ. ಕಾರು ಇರೋದು ನಮ್ಮನ್ನ ಜಾಗಕ್ಕೆ ತಲುಪಿಸೋಕೆ. ಎಂಜಿನ್ ಆಫ್ ಆದ ತಕ್ಷಣ ಮನಸ್ಸಿನ ಪಾಲಿಗೆ ಆ ಕೆಲಸ ಮುಗೀತು. ಲಾಕ್ ಮಾಡೋದು ಅದಾದ ಮೇಲೆ ಉಳಿಯೋ ಬಾಲ. ಹೀಗೆ ಉದ್ದೇಶ ಈಡೇರಿದ ಮೇಲೆ ಬರೋ ಕೊನೆ ಹೆಜ್ಜೆ ತಪ್ಪಿಹೋಗೋದಕ್ಕೆ ಮನಃಶಾಸ್ತ್ರದವರು 'ಪೋಸ್ಟ್ ಕಂಪ್ಲೀಷನ್ ಎರರ್' ಅಂತಾರೆ. ಮೈಕೇಲ್ ಬರ್ನ್ ಮತ್ತು ಸೂಸನ್ ಬೊವೇರ್ 1997ರಲ್ಲಿ ಇದರ ಬಗ್ಗೆ ಪ್ರಯೋಗ ಪ್ರಕಟಿಸಿದ್ರು: ತಲೆಯಲ್ಲಿ ಬೇರೆ ವಿಷಯದ ಹೊರೆ ಜಾಸ್ತಿ ಇದ್ದಾಗ ಆ ಕೊನೆ ಹೆಜ್ಜೆಯೇ ಬಿಟ್ಟುಹೋಗುತ್ತೆ, ವಿಧಾನ ಚೆನ್ನಾಗಿ ಗೊತ್ತಿದ್ದವರಿಗೂ. ಎಷ್ಟೋ ಎಟಿಎಂಗಳು ಮೊದಲು ಕಾರ್ಡ್ ವಾಪಸ್ ಕೊಟ್ಟು ಆಮೇಲೆ ದುಡ್ಡು ಕೊಡೋದು ಇದೇ ಕಾರಣಕ್ಕೆ. ದುಡ್ಡು ಮೊದಲು ಕೈಗೆ ಬಂದ್ರೆ ಜನ ಕಾರ್ಡ್ ಬಿಟ್ಟು ನಡೀತಾರೆ.

ಈಗ ನಮ್ಮ ಹವ್ಯಾಸಕ್ಕೆ ಬನ್ನಿ. ಬಾಗಿಲು ತೆಗೀತಿದ್ದ ಹಾಗೇ ಮರದ ಮೇಲಿಂದ ಒಂದು ಕೂಗು. ಒಂದು ಕೈಯಲ್ಲಿ ಟ್ರೈಪಾಡ್, ಕುತ್ತಿಗೆಯಲ್ಲಿ ಬೈನಾಕ್ಯುಲರ್, ಕಿವಿ ಪೂರ್ತಿ ಆ ಕಡೆ. ಬಾಗಿಲನ್ನ ಮೊಣಕೈಯಲ್ಲಿ ತಳ್ಳಿ ನಡೆದ್ರೆ ಆಯ್ತು. ಎರಡನೇ ಬ್ಯಾಗು ಸೀಟಲ್ಲೇ ಉಳಿಯುತ್ತೆ, ಯಾಕಂದ್ರೆ 'ಈಗ ಬಂದ್ಬಿಡ್ತೀನಿ' ಅನ್ನೋ ಲೆಕ್ಕ. ಆ 'ಈಗ' ಒಂದು ಗಂಟೆ ಆಗೋದು ನಮಗೆಲ್ಲ ಗೊತ್ತಿರೋದೇ.

ರಿಮೋಟ್ ಕೀಲಿಯದೂ ಪಾಲಿದೆ. ಹಿಂದೆ ಕೀಲಿಯನ್ನ ಬಾಗಿಲಿಗೆ ಹಾಕಿ ತಿರುಗಿಸಬೇಕಿತ್ತು, ಲಾಕ್ ಬಿದ್ದದ್ದು ಕೈಗೇ ಗೊತ್ತಾಗ್ತಿತ್ತು. ಈಗ ನಡೀತಾ ನಡೀತಾ ಹಿಂದಕ್ಕೆ ತೋರಿಸಿ ಒತ್ತುತೀವಿ, ತಿರುಗಿ ನೋಡಲ್ಲ. ಒಂದು ಬಾಗಿಲು ಸರಿಯಾಗಿ ಕೂತಿಲ್ಲ ಅಂದ್ರೆ ಎಷ್ಟೋ ಕಾರು ಲಾಕ್ ಆಗೋದೇ ಇಲ್ಲ. ಪಾರ್ಕಿಂಗ್ ಜಾಗದಲ್ಲಿ ಜ್ಯಾಮರ್ ಇಟ್ಟು ಕೀಲಿಯ ಸಿಗ್ನಲ್ ತಡೆಯೋ ಕಳ್ಳರೂ ಇದ್ದಾರೆ. ಜೇಬಿಂದ ಕೀಲಿ ತೆಗೆಯದೆಯೇ ತೆರೆಯೋ ಕಾರುಗಳಲ್ಲಿ ಇನ್ನೊಂದು ಎಡವಟ್ಟು: ಸ್ಪೇರ್ ಕೀಲಿ ಕ್ಯಾಮೆರಾ ಬ್ಯಾಗಿನೊಳಗೇ ಇದ್ರೆ, ಕೀಲಿ ಒಳಗಿದೆ ಅಂತ ತಿಳ್ಕೊಂಡು ಕಾರು ಲಾಕ್ ಆಗೋಕೆ ಒಪ್ಪದೇ ಇರಬಹುದು. ನಿಮ್ಮ ಸ್ಪೇರ್ ಕೀಲಿ ಎಲ್ಲಿದೆ ಅಂತ ಇವತ್ತೇ ನೋಡಿ.

ಬೇಕಂತಲೇ ಲಾಕ್ ಮಾಡದವರೂ ಇದ್ದಾರೆ. ಕೆನಡಾದ ಚರ್ಚಿಲ್ ಊರಲ್ಲಿ ಬೀದಿಗೇ ಹಿಮಕರಡಿ ಬರುತ್ತೆ. ಅಟ್ಟಿಸಿಕೊಂಡು ಬಂದ್ರೆ ಯಾರಾದ್ರೂ ಒಳಗೆ ನುಗ್ಗಿ ಜೀವ ಉಳಿಸಿಕೊಳ್ಳಲಿ ಅಂತ ಅಲ್ಲಿನವರು ಕಾರು ತೆರೆದೇ ಬಿಡ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪೂರ್ತಿ ಉಲ್ಟಾ: ಖಾಲಿ ಕಾರಿಂದ 3 ಮೀಟರಿಗಿಂತ ದೂರ ಹೋಗೋದಾದ್ರೆ ಲಾಕ್ ಮಾಡಲೇಬೇಕು ಅಂತ ರಸ್ತೆ ನಿಯಮವೇ ಇದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಾಜು ಒಡೆಯೋ ಕಾಟಕ್ಕೆ ಬೇಸತ್ತು, ಒಳಗೇನಿಲ್ಲ ನೋಡ್ಕೋ ಅಂತ ಡಿಕ್ಕಿ ಬಾಗಿಲನ್ನೇ ಎತ್ತಿಟ್ಟು ಹೋದವರಿದ್ದಾರೆ. ಬಟ್ಟೆ ಟಾಪಿನ ಕಾರು ಇಟ್ಟವರದೂ ಅದೇ ಲೆಕ್ಕ, ಟಾಪ್ ಕುಯ್ಯೋದಕ್ಕಿಂತ ಬಾಗಿಲು ತೆಗೆದು ನೋಡಿ ಹೋಗಲಿ ಅಂತ. ಈ ವಾದದಲ್ಲಿ ಅರ್ಥ ಇದೆ, ಆದ್ರೆ ಕಾರು ಖಾಲಿ ಇದ್ರೆ ಮಾತ್ರ. ಗಾಜು ಉಳಿಸೋಕೆ ಬಾಗಿಲು ತೆರೆದಿಟ್ಟು, ಒಳಗೆ ಲೆನ್ಸನ್ನೂ ಬಿಟ್ಟು ಹೋದ್ರೆ ಗಾಜಿಗಿಂತ ದೊಡ್ಡ ನಷ್ಟವನ್ನ ನಾವೇ ಕರೆದ ಹಾಗೆ.

ಕಳ್ಳತನಕ್ಕಿಂತ ನನ್ನನ್ನ ಜಾಸ್ತಿ ಕಾಡೋ ವಿಷಯ ಮಕ್ಕಳದು. ಇದನ್ನ ದಯವಿಟ್ಟು ಗಮನಿಸಿ. ಮಕ್ಕಳನ್ನ ಕರ್ಕೊಂಡು ಬರೋರು ನಮ್ಮಲ್ಲಿ ಬಹಳ ಜನ ಇದ್ದಾರೆ. ತೆರೆದ ಕಾರೊಳಗೆ ಆಟಕ್ಕೆ ಹತ್ತಿದ ಪುಟ್ಟ ಮಗುವಿಗೆ ವಾಪಸ್ ಬಾಗಿಲು ತೆಗೆಯೋಕೆ ಗೊತ್ತಾಗಲ್ಲ. ಚೈಲ್ಡ್ ಲಾಕ್ ಹಾಕಿದ್ರೆ ಹಿಂದಿನ ಬಾಗಿಲು ಒಳಗಿಂದ ತೆರೆಯೋದೇ ಇಲ್ಲ. ಬಿಸಿಲಲ್ಲಿ ನಿಂತ ಕಾರು ಹತ್ತಿಪ್ಪತ್ತು ನಿಮಿಷದಲ್ಲೇ ಅಪಾಯಕಾರಿಯಾಗಿ ಕಾದುಬಿಡುತ್ತೆ, ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಬಿಸಿ ಏರುತ್ತೆ. ಹೀಗೆ ಜೀವ ಹೋಗಿರೋ ಮಕ್ಕಳಿದ್ದಾರೆ. ಒಳಗೆ ಕಳ್ಕೊಳ್ಳೋ ವಸ್ತು ಏನೂ ಇಲ್ಲದಿದ್ರೂ ಲಾಕ್ ಮಾಡಿ ಅನ್ನೋದು ಇದಕ್ಕೇ.

ಮಾಡೋದೇನು ಅಂದ್ರೆ, ನೆನಪನ್ನ ನಂಬಬೇಡಿ, ಕ್ರಮ ಬದಲಾಯಿಸಿ. ಕ್ಯಾಮೆರಾ ಕುತ್ತಿಗೆಗೆ ಬೀಳೋ ಮೊದಲು ಲಾಕ್ ಬೀಳಬೇಕು. ಕೆಳಗಿಳಿದು, ಬೇಕಾದ್ದೆಲ್ಲ ನೆಲಕ್ಕೆ ಇಟ್ಟು, ಲಾಕ್ ಮಾಡಿ, ಹಿಡಿಕೆ ಎಳೆದು ನೋಡಿ, ಆಮೇಲೆ ಬ್ಯಾಗು ಎತ್ತಿ. ಬಿಟ್ಟು ಹೋಗಲೇಬೇಕಾದ ಸಾಮಾನಿದ್ರೆ ಹೊರಡೋ ಜಾಗದಲ್ಲೇ ಡಿಕ್ಕಿಗೆ ಸೇರಿಸಿ; ಪಾರ್ಕಿಂಗಲ್ಲಿ ನಿಂತು ಎಲ್ಲರ ಎದುರಿಗೆ ಡಿಕ್ಕಿಗೆ ಇಟ್ಟರೆ ಎಲ್ಲಿದೆ ಅಂತ ತೋರಿಸಿಕೊಟ್ಟ ಹಾಗೆ. ಸೀಟಿನ ಮೇಲೆ ಖಾಲಿ ಬ್ಯಾಗೂ ಬೇಡ, ಖಾಲಿ ಅಂತ ಹೊರಗಿನವನಿಗೆ ಗೊತ್ತಾಗಲ್ಲ. ಕ್ಯಾಮೆರಾ ಬಾಡಿ ಮತ್ತು ಲೆನ್ಸಿನ ಸೀರಿಯಲ್ ನಂಬರಿನ ಫೋಟೋ ತೆಗೆದು ಮನೇಲಿ ಇಟ್ಟಿರಿ. ವಿಮೆ ಇದ್ರೆ ಷರತ್ತು ಓದಿ. ಬಲವಂತವಾಗಿ ಒಳಗೆ ನುಗ್ಗಿದ ಗುರುತು ಇಲ್ಲದಿದ್ರೆ ಪರಿಹಾರ ಕೊಡದ ಪಾಲಿಸಿಗಳಿವೆ.

ಬೈಯ್ಯೋದರ ಬದಲು ತಂಡದ ಮುಂದಾಳು, ನಡಿಗೆ ಶುರು ಆಗೋ ಮುಂಚೆ ಎಲ್ಲರನ್ನೂ ಒಮ್ಮೆ ಕಾರಿನ ಕಡೆ ತಿರುಗಿಸಿದ್ರೆ ಸಾಕು. ಒಬ್ಬರ ಕಾರಿನ ಹಿಡಿಕೆಯನ್ನ ಇನ್ನೊಬ್ಬರು ಎಳೆದು ನೋಡಲಿ. ಕೀಲಿ ಜೇಬಲ್ಲೇ ಇಟ್ಕೊಂಡು ತೆರೆಯೋ ಕಾರಾದ್ರೆ ಮಾಲೀಕರು ನಾಲ್ಕೈದು ಹೆಜ್ಜೆ ದೂರ ನಿಲ್ಲಬೇಕು. ಹತ್ತಿರ ಇದ್ರೆ ಲಾಕ್ ಆಗಿದ್ದ ಕಾರೂ ಹಿಡಿಕೆ ಮುಟ್ಟಿದ ತಕ್ಷಣ ತೆರೆದುಕೊಳ್ಳಬಹುದು, ಆಮೇಲೆ ಲಾಕ್ ಬಿದ್ದಿತ್ತೋ ಇಲ್ಲವೋ ಅಂತ ಗೊತ್ತೇ ಆಗಲ್ಲ.