ಮೂರು ವರ್ಷದ ಸೊಂಟ ನೋವಿಗೆ ಹೊಸ ಮಾತ್ರೆ ಒಳ್ಳೆಯದೋ, ನರ ಸುಡುವ ಚಿಕಿತ್ಸೆ ಒಳ್ಳೆಯದೋ?

ಮೂರು ವರ್ಷದ ನೋವು, ಎಂಆರ್‌ಐ ರಿಪೋರ್ಟಿನಲ್ಲಿ ಎಲ್4-ಎಲ್5 ಡಿಸ್ಕ್ (ಸೊಂಟದ ಎರಡು ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಎಂಬ ಸಾಲು, ಕೈಯಲ್ಲಿ ಎರಡು ಚಿಕಿತ್ಸೆಗಳ ಹೆಸರು: ಒಂದು ಹೊಸ ಮಾತ್ರೆ, ಇನ್ನೊಂದು ನರ ಸುಡುವುದು. ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದವನು. ಅದಕ್ಕೇ ನೇರವಾಗಿ ಹೇಳಿಬಿಡುತ್ತೇನೆ: ನೀವು ಹೇಳಿದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೋಗಬೇಡಿ. ಎರಡೂ ನಿಮ್ಮ ಬಗೆಯ ನೋವಿಗೆ ಹೊಂದುವಂಥವಲ್ಲ.

ಮೊದಲು ಆ ಮಾತ್ರೆ. ಅದರ ಹೆಸರು ಸುಜೆಟ್ರಿಜಿನ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ವಿಜ್ಞಾನದ ಮಟ್ಟಿಗೆ ಇದು ನಿಜಕ್ಕೂ ದೊಡ್ಡ ಹೆಜ್ಜೆ. ನೋವಿನ ಸಂಕೇತ ಒಯ್ಯುವ ನರಗಳಲ್ಲಿ ನಾವ್ 1.8 ಎಂಬ ಸೋಡಿಯಂ ಚಾನೆಲ್, ಅಂದರೆ ಸೋಡಿಯಂ ಒಳಬರುವ ಸೂಕ್ಷ್ಮ ಬಾಗಿಲು ಇದೆ. ಈ ಮಾತ್ರೆ ಅದನ್ನು ಮುಚ್ಚಿ, ಸಂಕೇತವನ್ನು ಮಿದುಳಿಗೆ ಹೋಗುವ ಮೊದಲೇ ತಡೆಯುತ್ತದೆ. ಮಿದುಳಿನೊಳಗೆ ಕೆಲಸ ಮಾಡದ ಕಾರಣ ಮಾರ್ಫಿನ್ ಜಾತಿಯ ಔಷಧಗಳ ಹಾಗೆ ಚಟ ಹಿಡಿಸುವ ಭಯವಿಲ್ಲ. ಮೊದಲ ಡೋಸ್ ಖಾಲಿ ಹೊಟ್ಟೆಯಲ್ಲಿ 100 ಮಿಲಿಗ್ರಾಂ, ಆಮೇಲೆ 12 ಗಂಟೆಗೊಮ್ಮೆ 50. ಇಟ್ರಾಕೊನಜೋಲ್ (ಶಿಲೀಂಧ್ರ ಸೋಂಕಿಗೆ), ಕ್ಲಾರಿಥ್ರೊಮೈಸಿನ್ (ಬ್ಯಾಕ್ಟೀರಿಯಾ ಸೋಂಕಿಗೆ) ಇಂಥ ಔಷಧ ನಡೆಯುತ್ತಿದ್ದರೆ ಇದನ್ನು ಕೊಡುವಂತಿಲ್ಲ, ರಕ್ತದಲ್ಲಿ ಮಟ್ಟ ಏರಿಬಿಡುತ್ತದೆ.

ಆದರೆ ಒಪ್ಪಿಗೆ ಸಿಕ್ಕಿರುವುದು ಯಾವ ನೋವಿಗೆ ಎಂಬುದನ್ನು ಗಮನಿಸಿ. ಹೊಟ್ಟೆಯ ಆಪರೇಷನ್, ಕಾಲ್ಬೆರಳಿನ ಮೂಳೆ ಸರಿಪಡಿಸುವ ಆಪರೇಷನ್, ಇವುಗಳ ನಂತರದ ಹಸಿ ನೋವಿನ ಮೇಲೆ ಪರೀಕ್ಷೆ ನಡೆದದ್ದು. ಅಲ್ಲಿ ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು, ಆದರೆ ಮಾರ್ಫಿನ್ ಜಾತಿಯ ಹೈಡ್ರೊಕೊಡೋನ್ ಮತ್ತು ಪ್ಯಾರಸಿಟಮಾಲ್ ಸೇರಿದ ಹಳೆಯ ಜೋಡಿಯನ್ನು ಮೀರಿಸಲಿಲ್ಲ. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿನಲ್ಲೂ ಪರೀಕ್ಷಿಸಿದರು. 2024ರ ಕೊನೆಯಲ್ಲಿ ಫಲಿತಾಂಶ ಬಂತು. ಔಷಧ ತೆಗೆದುಕೊಂಡವರಲ್ಲಿ ಹತ್ತು ಅಂಕದ ಅಳತೆಯಲ್ಲಿ ಸುಮಾರು 2 ಅಂಕ ನೋವು ಇಳಿದಿತ್ತು. ಹುಸಿ ಮಾತ್ರೆ ತೆಗೆದುಕೊಂಡವರಲ್ಲೂ ಸುಮಾರು 2 ಅಂಕವೇ ಇಳಿದಿತ್ತು. ಮೂರು ವರ್ಷದ ನೋವಿಗೆ ಇದನ್ನು ನಂಬಿ ಕೂರಬೇಡಿ.

ನರ ಸುಡುವುದು, ಅಂದರೆ ರೇಡಿಯೋಫ್ರೀಕ್ವೆನ್ಸಿ, ಡಿಸ್ಕಿಗೆ ಮಾಡುವ ಚಿಕಿತ್ಸೆಯೇ ಅಲ್ಲ. ಬೆನ್ನುಮೂಳೆಯ ಹಿಂಬದಿಯಲ್ಲಿ ಫ್ಯಾಸೆಟ್ ಎಂಬ ಸಣ್ಣ ಕೀಲುಗಳಿವೆ. ಅವುಗಳಿಂದ ಸಂಕೇತ ಒಯ್ಯುವ ಸೂಕ್ಷ್ಮ ನರದ ಪಕ್ಕಕ್ಕೆ ಸೂಜಿ ಇಳಿಸಿ, ತುದಿಯನ್ನು 80 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಒಂದೂವರೆ ನಿಮಿಷದವರೆಗೆ ಹಿಡಿಯುತ್ತಾರೆ. ಅದಕ್ಕೂ ಮೊದಲು ಅದೇ ಜಾಗಕ್ಕೆ ಒಂದು ಹನಿ ಮರಗಟ್ಟಿಸುವ ಔಷಧ ಹಾಕಿ, ಕೆಲವು ಗಂಟೆಯ ಮಟ್ಟಿಗಾದರೂ ನೋವು ಚೆನ್ನಾಗಿ ಇಳಿಯುತ್ತದೆಯೇ ಎಂದು ನೋಡಲೇಬೇಕು. ಈ ಪರೀಕ್ಷೆ ಬಿಟ್ಟು ನೇರ ಸುಡುತ್ತೇವೆ ಎಂದವರ ಬಳಿ ಎರಡನೇ ಸಲ ಹೋಗಬೇಡಿ. ಎಲ್ಲ ಸರಿಯಾಗಿ ಮಾಡಿದರೂ ನರ ಮತ್ತೆ ಬೆಳೆಯುತ್ತದೆ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ. 2025ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ ಪ್ರಕಟಿಸಿದ ಮಾರ್ಗಸೂಚಿ ಕ್ಯಾನ್ಸರ್ ಅಥವಾ ಉರಿಯೂತದ ಸಂಧಿರೋಗದಿಂದ ಬಂದದ್ದಲ್ಲದ ದೀರ್ಘಕಾಲದ ಬೆನ್ನುನೋವಿಗೆ ನರ ಸುಡುವುದೂ ಬೇಡ, ಬೆನ್ನುಹುರಿಯ ಹೊರಪದರದ ಸುತ್ತ ಕೊಡುವ ಎಪಿಡ್ಯೂರಲ್ ಸ್ಟೆರಾಯ್ಡ್ ಇಂಜೆಕ್ಷನ್ನೂ ಬೇಡ ಎಂದು ಗಟ್ಟಿಯಾಗಿಯೇ ಹೇಳಿತು. ಈ ಚಿಕಿತ್ಸೆ ಮಾಡುವ ತಜ್ಞರಲ್ಲಿ ಅನೇಕರು ಅದನ್ನು ಒಪ್ಪಲಿಲ್ಲ, ರೋಗಿಗಳನ್ನು ಸರಿಯಾಗಿ ಆರಿಸಿದರೆ ಫಲ ಇದೆ ಎಂದರು. ನನ್ನ ಅಭಿಪ್ರಾಯ ಕೇಳಿದರೆ, ಮುಂದೆ ಹೇಳುವ ಕೆಲಸವನ್ನು ಮೂರು ತಿಂಗಳಾದರೂ ಮಾಡದೆ ಸೂಜಿಗೆ ಬೆನ್ನು ಕೊಡಬೇಡಿ.

ಡಿಸ್ಕ್ ಉಬ್ಬಿದೆ ಎಂಬ ಸಾಲು ನಿಮ್ಮನ್ನು ಹೆದರಿಸಿದೆ ಎಂದು ಗೊತ್ತಾಗುತ್ತದೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿದ ಒಂದು ಅಧ್ಯಯನ 2015ರಲ್ಲಿ ಬಂತು. 20 ವರ್ಷದವರಲ್ಲೇ ಶೇ. 30 ಮಂದಿಗೆ ಡಿಸ್ಕ್ ಉಬ್ಬಿತ್ತು, 80 ವರ್ಷದವರಲ್ಲಿ ಶೇ. 84 ಮಂದಿಗೆ. ಬರೀ ಸೊಂಟದಲ್ಲೇ ಇರುವ ಹಳೆಯ ನೋವಿಗೆ ಆ ರಿಪೋರ್ಟು ಕಾರಣವೂ ಆಗಿರಬಹುದು, ಕೂದಲು ನೆರೆತಷ್ಟೇ ಸಹಜವೂ ಆಗಿರಬಹುದು. ಅದೊಂದನ್ನೇ ನೋಡಿ ಚಿಕಿತ್ಸೆ ನಿರ್ಧರಿಸಲು ಆಗುವುದಿಲ್ಲ.

ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ಬೇರೆಯಾಗಿಯೇ ಲೆಕ್ಕ ಹಾಕುವುದಕ್ಕೆ ಕಾರಣ ಇದೆ. ಪೆಟ್ಟು ಮಾಯ್ದ ಮೇಲೂ ಬೆನ್ನುಹುರಿ ಮತ್ತು ಮಿದುಳಿನ ನರಜಾಲ ಸೂಕ್ಷ್ಮವಾಗಿಯೇ ಉಳಿದು, ಬಗ್ಗುವುದು, ಕೂರುವುದು ಇಂಥ ಸಾಮಾನ್ಯ ಸಂಕೇತಗಳನ್ನೂ ನೋವು ಎಂದೇ ಓದತೊಡಗುತ್ತದೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ ಇಂಥದ್ದಕ್ಕೆ ನೋಸಿಪ್ಲಾಸ್ಟಿಕ್ ನೋವು ಎಂದು ಪ್ರತ್ಯೇಕ ಹೆಸರನ್ನೇ ಕೊಟ್ಟಿತು. ನೋವು ಸುಳ್ಳು ಎಂದು ಇದರ ಅರ್ಥವಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ನೋವು ಪೂರಾ ನಿಜ. ಆದರೆ ನೋವಾದಷ್ಟೂ ಒಳಗೆ ಹಾನಿಯಾಗುತ್ತಿದೆ ಎಂಬ ಲೆಕ್ಕ ಮಾತ್ರ ಇಲ್ಲಿ ನಡೆಯುವುದಿಲ್ಲ.

ಈ ಲೆಕ್ಕವನ್ನು ಬಿಡದಿರುವುದೇ ಎಲ್ಲಕ್ಕಿಂತ ದುಬಾರಿ ತಪ್ಪು, ನನ್ನನ್ನೂ ಬಹಳ ಹಿಂದಕ್ಕೆಳೆದದ್ದು ಇದೇ. ಎಷ್ಟು ಕೆಲಸ ಮಾಡಬೇಕೆಂಬುದನ್ನು ಆ ದಿನದ ನೋವಿಗೆ ಬಿಟ್ಟುಬಿಡುವುದು. ನೋವು ಕಡಿಮೆ ಇರುವ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸುತ್ತೇವೆ. ಮರುದಿನ ಸೊಂಟ ಹಿಡಿಯುತ್ತದೆ. ಎರಡು ದಿನ ಮಲಗುತ್ತೇವೆ. ಮಲಗಿದಷ್ಟೂ ಬೆನ್ನಿನ ಸ್ನಾಯುಗಳ ತಾಳಿಕೆ ತಗ್ಗುತ್ತದೆ, ನಿದ್ದೆ ಕೆಡುತ್ತದೆ, ಮುಂದಿನ ಸಲ ಇನ್ನೂ ಕಡಿಮೆ ಕೆಲಸಕ್ಕೇ ನೋವು ಏರುತ್ತದೆ. ಅಷ್ಟೇ ಅಲ್ಲ, ಪ್ರತಿ ಸಲ ನೋವು ಏರಿದ ಕ್ಷಣಕ್ಕೇ ನಿಲ್ಲಿಸಿದರೆ ಓಡಾಟವೇ ಅಪಾಯ ಎಂಬ ಪಾಠ ನರಜಾಲಕ್ಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಆರು ತಿಂಗಳ ಹಿಂದೆ ಅರ್ಧ ಗಂಟೆ ಆರಾಮಾಗಿ ನಡೆಯುತ್ತಿದ್ದವರು ಈಗ ಹತ್ತು ನಿಮಿಷಕ್ಕೇ ಕುರ್ಚಿ ಹುಡುಕುವುದು ಹೀಗೆ. ಡಿಸ್ಕ್ ಹೆಚ್ಚು ಉಬ್ಬಿದೆ ಎಂದುಕೊಳ್ಳುತ್ತಾರೆ, ಮತ್ತೊಂದು ಸ್ಕ್ಯಾನ್ ಮಾಡಿಸುತ್ತಾರೆ.

ಮಾಡಬೇಕಾದ್ದು ನೋವಿನ ಬದಲು ಗಡಿಯಾರ ನೋಡಿ ಕೆಲಸ ಮಾಡುವುದು. ಮೂರು ಬೇರೆ ಬೇರೆ ದಿನ ನಡೆದು, ನೋವು ಎದ್ದು ಕಾಣುವಷ್ಟು ಏರಲು ಎಷ್ಟು ನಿಮಿಷ ಬೇಕಾಯಿತು ಎಂದು ಬರೆದುಕೊಳ್ಳಿ. ಒಂದು ಒಳ್ಳೆಯ ದಿನ, ಒಂದು ಕೆಟ್ಟ ದಿನ, ಒಂದು ಸಾಧಾರಣ ದಿನ ಇರಲಿ. 14, 6, 10 ನಿಮಿಷ ಎಂದುಕೊಳ್ಳಿ, ಸರಾಸರಿ 10. ಅದರಲ್ಲಿ ಐದನೇ ಒಂದು ಭಾಗ ಕಳೆದು 8 ನಿಮಿಷದಿಂದ ಶುರು ಮಾಡಿ. ಆ ವಾರವಿಡೀ ದಿನಾ 8 ನಿಮಿಷ. ಇನ್ನೂ ನಡೆಯಬಲ್ಲೆ ಅನ್ನಿಸಿದರೂ ಎಂಟಕ್ಕೇ ನಿಲ್ಲಿಸಿ. ಕೆಟ್ಟ ದಿನವೂ ಎಂಟು ಮುಗಿಸಿ, ಬೇಕಾದರೆ ನಾಲ್ಕು ಬೆಳಿಗ್ಗೆ, ನಾಲ್ಕು ಸಂಜೆ. ಮುಂದಿನ ವಾರ ಒಂದು ನಿಮಿಷ ಸೇರಿಸಿ. ವಾರಕ್ಕೆ ಹತ್ತಕ್ಕೆ ಒಂದರಷ್ಟು ಏರಿಕೆ ಸಾಕು.

ಜನ ಎಡವುವುದು ಮೂರನೇ, ನಾಲ್ಕನೇ ವಾರದಲ್ಲಿ. ಚೆನ್ನಾಗಿದೆ ಅನ್ನಿಸಿ 10ರಿಂದ ಒಮ್ಮೆಗೇ 25ಕ್ಕೆ ಹಾರುತ್ತಾರೆ, ಆಮೇಲೆ ‘ವ್ಯಾಯಾಮ ನನಗೆ ಆಗಿಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ನಡುವೆ ನೋವು ಕೆರಳಿದರೆ ಸೊನ್ನೆಗೆ ಇಳಿಯಬೇಡಿ. ಎರಡು ಮೂರು ದಿನ ಅರ್ಧ ಮಾಡಿ, ಮತ್ತೆ ಹಿಂದಿನ ವಾರದ ಅಳತೆಯಿಂದ ಹಿಡಿಯಿರಿ. ನಡೆದ ಮೇಲೆ ನೋವು ಸ್ವಲ್ಪ ಏರಿ ಮರುದಿನ ಬೆಳಗಿನ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬಂದರೆ ಅಳತೆ ಸರಿಯಿದೆ. ಬಾರದಿದ್ದರೆ ಒಂದು ವಾರದ ಏರಿಕೆ ಬಿಡಿ. ಕೂರುವುದು, ನಿಲ್ಲುವುದು, ಭಾರ ಎತ್ತುವುದು, ಇವಕ್ಕೂ ಇದೇ ಲೆಕ್ಕ. ಭಾರಕ್ಕಾದರೆ ನಿಮಿಷದ ಜಾಗದಲ್ಲಿ ಎಷ್ಟು ಕಿಲೋ, ಎಷ್ಟು ಸಲ ಎಂದು ಬರೆದಿಡಿ.

ಬರೀ ನಡೆದರೆ ಏನಾದೀತು ಎಂದುಕೊಳ್ಳಬೇಡಿ. ಬೆನ್ನುನೋವಿನಿಂದ ಚೇತರಿಸಿಕೊಂಡ 701 ಜನರ ಮೇಲೆ ನಡೆದ ಪ್ರಯೋಗ 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಂತ ಹಂತವಾಗಿ ನಡಿಗೆ ಹೆಚ್ಚಿಸಿ, ಫಿಸಿಯೋಥೆರಪಿಸ್ಟ್‌ನಿಂದ ತಿಳಿವಳಿಕೆಯನ್ನೂ ಪಡೆದವರಿಗೆ ನೋವು ಮರಳಲು ಮಧ್ಯಮ ಲೆಕ್ಕದಲ್ಲಿ 208 ದಿನ ಹಿಡಿಯಿತು, ಏನೂ ಮಾಡದವರಿಗೆ 112 ದಿನ. ಆರು ತಿಂಗಳೊಳಗೆ ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ ಎಂಬುದು ಅವರ ಗುರಿಯಾಗಿತ್ತು. ಇನ್ನೂ ನೋವಿರುವ ನೀವು ಅಲ್ಲಿಗೆ ತಲುಪಲು ಹೆಚ್ಚು ಸಮಯ ತೆಗೆದುಕೊಳ್ಳಿ.

ಇದರ ಜೊತೆಗೆ, ಕಳೆದ ಕೆಲವು ವರ್ಷಗಳಲ್ಲಿ ಹಳೆಯ ಬೆನ್ನುನೋವಿನಲ್ಲಿ ನಿಜವಾದ ಬೆಳವಣಿಗೆ ಎಂದರೆ ನೋವಿನ ಅರ್ಥವನ್ನೇ ಮರುಕಲಿಸುವ ಚಿಕಿತ್ಸೆಗಳು. ಅಮೆರಿಕದ ಕೊಲರಾಡೊದಲ್ಲಿ 151 ಜನರ ಮೇಲೆ ನಡೆದ ಪ್ರಯೋಗದಲ್ಲಿ ನಾಲ್ಕು ವಾರದ ಪೇನ್ ರೀಪ್ರೊಸೆಸಿಂಗ್ ಥೆರಪಿ ಮುಗಿದಾಗ ಶೇ. 66 ಮಂದಿಗೆ ನೋವು ಇಲ್ಲವಾಗಿತ್ತು ಅಥವಾ ನೆಪಮಾತ್ರಕ್ಕೆ ಉಳಿದಿತ್ತು. ಹುಸಿ ಇಂಜೆಕ್ಷನ್ ಪಡೆದವರಲ್ಲಿ ಅದು ಶೇ. 20. ಭಾಗವಹಿಸಿದವರ ನೋವು ಬಹಳ ತೀವ್ರದ್ದಾಗಿರಲಿಲ್ಲ ಎಂಬುದು ನೆನಪಿರಲಿ. ಆಸ್ಟ್ರೇಲಿಯಾದಲ್ಲಿ 492 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಕಾಗ್ನಿಟಿವ್ ಫಂಕ್ಷನಲ್ ಥೆರಪಿ ಪ್ರಯೋಗ ನನಗೆ ಇನ್ನೂ ಹೆಚ್ಚು ಭರವಸೆ ಕೊಡುತ್ತದೆ. ಅಲ್ಲಿ ಫಿಸಿಯೋಥೆರಪಿಸ್ಟ್ ನೀವು ಹೆದರಿ ಬಿಟ್ಟಿರುವ ಚಲನೆಯನ್ನೇ ಎದುರಿಗೆ ನಿಂತು ಮಾಡಿಸುತ್ತಾರೆ: ಬಗ್ಗುವಾಗ ಉಸಿರು ಬಿಗಿಹಿಡಿಯುತ್ತೀರಾ, ಹೊಟ್ಟೆ ಗಟ್ಟಿ ಮಾಡುತ್ತೀರಾ, ಒಂದು ಕೈಯನ್ನು ತೊಡೆಗೆ ಊರಿಯೇ ಏಳುತ್ತೀರಾ ಎಂದು ನೋಡಿ, ಆ ಬಿಗಿತ ಬಿಡಿಸಿ, ಮತ್ತೆ ಬಗ್ಗಿಸುತ್ತಾರೆ. ಈ ಚಿಕಿತ್ಸೆಯ ಫಲ ಮೂರು ವರ್ಷದ ನಂತರವೂ ಉಳಿದಿತ್ತು. ಆ ತರಬೇತಿ ಪಡೆದವರು ಸಿಗದಿದ್ದರೂ, ಯಂತ್ರ ಹಚ್ಚಿ ಕಳಿಸುವವರನ್ನು ಬಿಟ್ಟು ಹೀಗೆ ಚಲನೆ ನೋಡುವವರನ್ನು ಹುಡುಕಿ.

ಮಾತ್ರೆಗಳ ವಿಷಯ ಚಿಕ್ಕದಾಗಿ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಜಾತಿಯವು ಕೆರಳಿದ ದಿನಗಳಿಗೆ ಸರಿ, ಊಟದ ನಂತರ, ಕೆಲವೇ ದಿನ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ ಇದ್ದರೆ ವೈದ್ಯರನ್ನು ಕೇಳದೆ ಬೇಡ. ದೀರ್ಘಕಾಲದ ನೋವಿಗೆ ಕೊಡುವ ಖಿನ್ನತೆಯ ಮಾತ್ರೆಗಳಲ್ಲಿ ಹೆಚ್ಚು ಪುರಾವೆ ಇರುವುದು ಡುಲೊಕ್ಸೆಟಿನ್‌ಗೆ. ಮೊದಲ ವಾರ 30 ಮಿಲಿಗ್ರಾಂ, ಆಮೇಲೆ 60. ಅದಕ್ಕಿಂತ ಹೆಚ್ಚಿಸಿದರೆ ಲಾಭ ಹೆಚ್ಚುವುದಿಲ್ಲ. ಶುರುವಿನ ವಾಕರಿಕೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ನಿಲ್ಲಿಸುವಾಗ ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಿ, ತಟ್ಟನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಬರುತ್ತದೆ. ಟ್ರಮಡಾಲ್ ಎಂಬ ನೋವಿನ ಮಾತ್ರೆಯ ಜೊತೆಗೆ ಇದನ್ನು ಸೇರಿಸಿದರೆ ನರಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್ ಅತಿಯಾಗಿ ನಡುಕ, ಜ್ವರ, ಗೊಂದಲ ಆಗುವ ಅಪಾಯವಿದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬ ವೈದ್ಯರಿಗೆ ತೋರಿಸದೆ ಎರಡನ್ನೂ ತೆಗೆದುಕೊಳ್ಳುವವರಿದ್ದಾರೆ. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಸಯಾಟಿಕಾಕ್ಕೂ ಹುಸಿ ಮಾತ್ರೆಗಿಂತ ಮೇಲಲ್ಲ ಎಂದು 2017ರ ಪ್ರಯೋಗ ತೋರಿಸಿತು, ಆದರೂ ಚೀಟಿಯಲ್ಲಿ ಅದು ಇದ್ದೇ ಇರುತ್ತದೆ. ನೀವು ಈಗಾಗಲೇ ನುಂಗುತ್ತಿದ್ದರೆ ಅದನ್ನೂ ಒಮ್ಮೆಗೇ ಬಿಡಬೇಡಿ.

ಎರಡು ಸಂದರ್ಭದಲ್ಲಿ ನಾನು ಮೇಲೆ ಬರೆದ ಕ್ರಮ ನಿಮಗಲ್ಲ. ಮಲಮೂತ್ರದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಪಾದ ಎತ್ತಲಾಗದಷ್ಟು ಕಾಲು ಸೋತರೆ ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ. ಜ್ವರ ಅಥವಾ ಕಾರಣವಿಲ್ಲದ ತೂಕ ಇಳಿಕೆ ಜೊತೆಗಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಬೇಗ ತಪಾಸಣೆ ಮಾಡಿಸಿ. ಇನ್ನೊಂದು, ಸೊಂಟಕ್ಕಿಂತ ಕಾಲಿನ ನೋವೇ ಹೆಚ್ಚಾಗಿದ್ದು, ಅದು ಮೊಣಕಾಲು ದಾಟಿ ಪಾದದವರೆಗೆ ಗೆರೆ ಎಳೆದಂತೆ ಇಳಿಯುತ್ತಿದ್ದರೆ. ನಾಲ್ಕು ತಿಂಗಳಿಂದ ಒಂದು ವರ್ಷದವರೆಗಿನ ಅಂಥ ನೋವಿಗೆ ಉಬ್ಬಿದ ಡಿಸ್ಕಿನ ತುಣುಕು ತೆಗೆಯುವ ಆಪರೇಷನ್ ಚೆನ್ನಾಗಿ ಫಲ ಕೊಟ್ಟದ್ದನ್ನು 2020ರ ಪ್ರಯೋಗವೊಂದು ತೋರಿಸಿದೆ. ನಿಮ್ಮ ಪ್ರಶ್ನೆಯಲ್ಲಿ ಕಾಲಿನ ಮಾತೇ ಇಲ್ಲ, ಹಾಗಾಗಿ ಬರೀ ಸೊಂಟದ ನೋವು ಎಂದುಕೊಂಡು ಬರೆದೆ. ಕಾಲಿಗೂ ಇಳಿಯುತ್ತಿದ್ದರೆ ಯಾವ ಕಡೆ, ಎಲ್ಲಿಯವರೆಗೆ, ಕಾಲಿನ ಹೆಬ್ಬೆರಳಿನ ಬಲ ಹೇಗಿದೆ ಎಂದು ಇಲ್ಲೇ ಕೆಳಗೆ ಬರೆಯಿರಿ.