ಮನೋವೈದ್ಯರ ಮಾತ್ರೆಯ ವಿಷಯ ಬಿಪಿ ನೋಡುವ ಡಾಕ್ಟರಿಗೆ ಹೇಳಲೇಬೇಕೇ?

ಮೂರು ವರ್ಷದಿಂದ ಮನೋವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಈಗ ಬಿಪಿಯೂ ಶುರುವಾಗಿದೆ. ಬಿಪಿ ನೋಡುವ ಡಾಕ್ಟರಿಗೆ ಆ ಮಾತ್ರೆಗಳ ವಿಷಯ ಹೇಳಿದರೆ, ನಾಳೆ ಎದೆನೋವು ಎಂದು ಹೋದಾಗಲೂ ‘ಎಲ್ಲಾ ಮನಸ್ಸಿನದ್ದು’ ಎಂದು ಕಳಿಸಿಬಿಡುತ್ತಾರೆ ಎಂಬ ಭಯ ನಿಮ್ಮದು ಎಂದು ಬರೆದಿದ್ದೀರಿ.

ಹೇಳಲೇಬೇಕು. ಆದರೆ ನಿಮ್ಮ ಭಯ ಸುಳ್ಳಲ್ಲ. ಎರಡೂ ನಿಜವೆಂದು ನಮ್ಮ ಮನೆಯಲ್ಲಿ ಒಂದೇ ತಿಂಗಳಲ್ಲಿ ಗೊತ್ತಾಯಿತು.

ಗದಗದಲ್ಲಿ ನನ್ನದು ಔಷಧ ಅಂಗಡಿ. ನನ್ನ ಚಿಗವ್ವನಿಗೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಕಾಯಿಲೆ. 19 ವರ್ಷಗಳಿಂದ ಅದಕ್ಕೆ ಲಿಥಿಯಂ ಎಂಬ ಮಾತ್ರೆ ತೆಗೆದುಕೊಳ್ಳುತ್ತಾಳೆ, ಅದರಿಂದಲೇ ಚೆನ್ನಾಗಿದ್ದಾಳೆ. ತೋರಿಸುವುದು ಧಾರವಾಡದಲ್ಲಿ. ಮಾತ್ರೆಯನ್ನು ಆಗ ಹುಬ್ಬಳ್ಳಿಯಲ್ಲಿ ಬಸ್ ಬದಲಿಸುವಾಗಲೇ ಕೊಂಡು, ಚೀಟಿಯನ್ನು ಮಡಚಿ ಸೀರೆಗಳ ನಡುವೆ ಇಟ್ಟುಬಿಡುತ್ತಿದ್ದಳು. ನನ್ನ ಅಂಗಡಿಯಲ್ಲೂ ಕೊಳ್ಳುತ್ತಿರಲಿಲ್ಲ, ಕೌಂಟರಿನಲ್ಲಿ ಯಾರಾದರೂ ನೋಡಿಬಿಟ್ಟರೆ ಎಂದು. ನಮ್ಮ ಕಡೆ ‘ಧಾರವಾಡಕ್ಕೆ ಕಳಿಸಬೇಕು ನಿನ್ನನ್ನು’ ಎಂಬುದು ಇಂದಿಗೂ ಬೈಗುಳವೇ. ಅಲ್ಲಿನ 1845ರ ಹುಚ್ಚಾಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಾಗಿದೆ, ಅಲ್ಲಿ ಮನೋವೈದ್ಯರು ತಯಾರಾಗುತ್ತಾರೆ. ಬೈಗುಳ ಮಾತ್ರ ಅಲ್ಲೇ ನಿಂತಿದೆ.

ಒಂದು ಮಳೆಗಾಲದಲ್ಲಿ ಅವಳಿಗೆ ಮೊಣಕಾಲು ನೋವು ಹೆಚ್ಚಾಯಿತು. ಮಗಳಿಗೆ ಗಂಡು ನೋಡುತ್ತಿದ್ದ ಸಮಯ. ಓಣಿಯ ಡಾಕ್ಟರ್ ‘ಬೇರೆ ಏನಾದರೂ ಮಾತ್ರೆ ಇದೆಯೇ’ ಎಂದು ಕೇಳಿದ್ದಾರೆ, ಇವಳು ಇಲ್ಲ ಎಂದಿದ್ದಾಳೆ. ಅವರು ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಬರೆದರು. ಹತ್ತು ದಿನ ಕಳೆಯುವಷ್ಟರಲ್ಲಿ ಅವಳಿಗೆ ರೊಟ್ಟಿ ತಟ್ಟಲು ಆಗದಾಯಿತು. ನಾನು ಹೋದಾಗ ಒಲೆಯ ಮುಂದೆ ಕುಳಿತಿದ್ದಳು. ಕಣ್ಣು ಮುಚ್ಚಿಕೊಂಡು ರೊಟ್ಟಿ ತಟ್ಟಬಲ್ಲ ಕೈ ಅದು. ಅಂದು ಹಿಟ್ಟಿನ ಮೇಲೆ ಬೆರಳುಗಳು ದಡದಡ ನಡುಗುತ್ತಿದ್ದವು, ರೊಟ್ಟಿಯ ಅಂಚು ಹರಿದು ಹರಿದು ಹೋಗುತ್ತಿತ್ತು. ಸಂಜೆಗೆ ವಾಂತಿ, ತೊದಲು ಮಾತು, ಕುಡಿದವರಂತೆ ತೂರಾಡುವ ನಡಿಗೆ.

ರಾತ್ರಿ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಕಾಕಾ ಮೊದಲ ಸಲ ಬಾಯಿಬಿಟ್ಟು, ಅವಳಿಗೆ ಮಾನಸಿಕ ಕಾಯಿಲೆ ಇದೆ ಎಂದರು. ಅಷ್ಟು ಕೇಳಿದ್ದೇ ತಡ, ಡ್ಯೂಟಿಯಲ್ಲಿದ್ದವರು ಪೆನ್ನು ಕೆಳಗಿಟ್ಟರು. ‘ಹಳೆಯದು ಮರುಕಳಿಸಿದೆ, ಬೆಳಿಗ್ಗೆ ಮನೋವೈದ್ಯರಿಗೆ ತೋರಿಸಿ.’ ಬಿಪಿ ನೋಡಿದ್ದು ಬಿಟ್ಟರೆ ಇನ್ನೊಂದು ಪರೀಕ್ಷೆ ಮಾಡಿರಲಿಲ್ಲ. ನಾನು ಎರಡೂ ಮಾತ್ರೆಯ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ರಕ್ತದಲ್ಲಿ ಲಿಥಿಯಂ ಎಷ್ಟಿದೆ ನೋಡಿ ಎಂದು ಕೈಮುಗಿದು ಕೇಳಿದೆ. 2.3 ಇತ್ತು. ಸಾಮಾನ್ಯವಾಗಿ 0.6ರಿಂದ 1ರ ಆಸುಪಾಸು ಇರಬೇಕಾದದ್ದು, 1.5 ದಾಟಿದರೆ ವಿಷವಾಗತೊಡಗುತ್ತದೆ. ಲಿಥಿಯಂ ಮೈಯಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಆ ದಾರಿಯನ್ನು ಕಿರಿದು ಮಾಡುತ್ತವೆ, ವಾಂತಿ ಭೇದಿಯಿಂದ ಮೈ ನೀರು ಕಳೆದುಕೊಂಡರೆ ಇನ್ನಷ್ಟು ಕಷ್ಟ. ಐದು ದಿನ ಸಲೈನ್ ಹತ್ತಿಸಿದ ಮೇಲೆ ಚಿಗವ್ವ ಮನೆಗೆ ಬಂದಳು.

ಒಬ್ಬ ಡಾಕ್ಟರಿಗೆ ಹೇಳದೆ ವಿಷವೇರಿತು, ಇನ್ನೊಬ್ಬರಿಗೆ ಹೇಳಿದ್ದರಿಂದ ಆ ವಿಷ ಕಾಣದೆ ಹೋಗುವುದರಲ್ಲಿತ್ತು. ಆದರೂ ಹೇಳಿ ಎನ್ನುತ್ತೇನೆ. ಹೇಳಿದಾಗ ಆಗುವ ತಪ್ಪನ್ನು ಅಲ್ಲೇ ನಿಂತು ಕೇಳಿ ತಿದ್ದಿಸಬಹುದು. ಮುಚ್ಚಿಟ್ಟದ್ದರಿಂದ ಆಗುವ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೇಳುವ ರೀತಿ ಮಾತ್ರ ಮುಖ್ಯ. ‘ನನಗೆ ಮಾನಸಿಕ ತೊಂದರೆ ಇದೆ’ ಎಂದು ಶುರು ಮಾಡಬೇಡಿ. ‘ಈ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೇನೆ, ಮನಸ್ಸು ಇಷ್ಟು ತಿಂಗಳಿಂದ ಸರಿಯಾಗಿದೆ, ಈ ನೋವು ಹೊಸದು’ ಎನ್ನಿ, ಮಾತ್ರೆಯ ಸ್ಟ್ರಿಪ್ಪನ್ನೇ ಕೈಗೆ ಕೊಡಿ. ಆದರೂ ತಳ್ಳಿಹಾಕಿದರೆ ಮೆಲ್ಲಗೆ ಕೇಳಿ: ‘ಈ ಮಾತ್ರೆ ತೆಗೆದುಕೊಳ್ಳದವರು ಇದೇ ನೋವು ಎಂದು ಬಂದಿದ್ದರೆ ಯಾವ ಪರೀಕ್ಷೆ ಮಾಡಿಸುತ್ತಿದ್ದಿರಿ ಸರ್? ಅದನ್ನು ನನಗೂ ಮಾಡಿಸಿ.’ ಇದು ಉದ್ಧಟತನವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಮನಸ್ಸಿನ ಕಾಯಿಲೆ ಇರುವವರನ್ನು ದೇಹದ ಕಾಯಿಲೆ ಇರುವವರಿಗೆ ಸಮನಾಗಿ ಕಾಣಬೇಕು, ಅವರ ಕಾಯಿಲೆಯ ವಿವರವನ್ನು ಗೋಪ್ಯವಾಗಿಡಬೇಕು ಎಂದು ಅದು ಹೇಳುತ್ತದೆ. ವಿಮೆಗೂ ಅದೇ ಸಮಾನತೆ ಅನ್ವಯಿಸುತ್ತದೆ.

ಮನೋವೈದ್ಯರ ಕಡೆಯಿಂದಲೂ ಕೊರತೆಗಳಿವೆ ಎಂಬುದನ್ನು ನಾನು ಕೌಂಟರಿನ ಈಚೆಯಿಂದ ನೋಡುತ್ತೇನೆ. ಒಲಾಂಜಪಿನ್ ಎಂಬ ಮನೋವೈದ್ಯರ ಮಾತ್ರೆ ತೆಗೆದುಕೊಳ್ಳುವವರ ತೂಕ ವರ್ಷದಲ್ಲಿ ಕಣ್ಣಿಗೆ ಹೊಡೆಯುವಂತೆ ಏರುತ್ತದೆ, ಸಕ್ಕರೆ ಏರುತ್ತದೆ, ಆದರೆ ಎಷ್ಟೋ ಜನರ ಕೈಯಲ್ಲಿ ಒಂದು ರಕ್ತಪರೀಕ್ಷೆಯ ಕಾಗದವೂ ಇರುವುದಿಲ್ಲ. ಲಿಥಿಯಂ ಇದ್ದರೆ ಥೈರಾಯ್ಡ್ ಮತ್ತು ಮೂತ್ರಪಿಂಡವನ್ನು ಆರು ತಿಂಗಳಿಗೊಮ್ಮೆಯಾದರೂ ನೋಡಬೇಕು. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಹುಪಾಲು ಸಾವುಗಳಿಗೆ ಕಾರಣ ಹೃದಯ, ಸಕ್ಕರೆ, ಶ್ವಾಸಕೋಶದಂಥ ದೇಹದ ಕಾಯಿಲೆಗಳೇ. ಇದನ್ನು ನೆನೆದಾಗಲೆಲ್ಲಾ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ಕಾಯಿಲೆಗಳಿಗೆ ಬೇಕಾದ ಔಷಧಿ ನನ್ನ ಕಪಾಟಿನಲ್ಲೇ ಇರುತ್ತದೆ.

ಉಲ್ಟಾ ಆಗುವುದೂ ಉಂಟು. ಥೈರಾಯ್ಡ್ ಕಡಿಮೆಯಾದವರು, ಬಿ12 ಕೊರತೆ ಇರುವವರು ಮಂಕಾಗಿ ಕುಳಿತಿರುತ್ತಾರೆ, ಮನೆಯವರು ಖಿನ್ನತೆ ಎಂದುಕೊಳ್ಳುತ್ತಾರೆ. ನಿನ್ನೆಯವರೆಗೆ ಸರಿಯಾಗಿದ್ದ ಅಜ್ಜ ಇಂದು ಮಗನನ್ನೇ ಗುರುತಿಸುತ್ತಿಲ್ಲ, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎನ್ನುತ್ತಾನೆ ಎಂದರೆ ಮೊದಲು ನೋಡಬೇಕಾದದ್ದು ಮೂತ್ರದ ಸೋಂಕು, ಸೋಡಿಯಂ, ಸಕ್ಕರೆ.

ಒಂದೇ ಛಾವಣಿಯ ಕೆಳಗೆ ಎರಡೂ ಕಡೆಯವರು ಇರುವ ಜಾಗ ನಿಮಗೆ ಅನುಕೂಲ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲಾಗಲಿ ಗದಗದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಾಗಲಿ ಮನೋವೈದ್ಯ ವಿಭಾಗವೂ ಇದೆ, ಮೆಡಿಸಿನ್ ವಿಭಾಗವೂ ಇದೆ. ಒಂದೇ ಫೈಲಿನಲ್ಲಿ ಇಬ್ಬರೂ ಬರೆಯಲಿ. ಅದು ಆಗದಿದ್ದರೆ ನಿಮ್ಮ ಮನೋವೈದ್ಯರಿಂದ ಬಿಪಿ ಡಾಕ್ಟರಿಗೆ ನಾಲ್ಕು ಸಾಲಿನ ಪತ್ರ ಬರೆಸಿಕೊಳ್ಳಿ. ಮಾತನಾಡುವುದು ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ. ಉಚಿತ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತನಾಡಬಹುದು.

ನಿಮ್ಮ ಮಾತ್ರೆಗಳ ಹೆಸರನ್ನು ನೀವು ಬರೆದಿಲ್ಲ. ಅದರಲ್ಲಿ ಲಿಥಿಯಂ ಇದ್ದರೆ ತಡಮಾಡಬೇಡಿ, ಏಕೆಂದರೆ ಬಿಪಿಯ ಹಲವು ಮಾತ್ರೆಗಳೂ ಅದರ ಮಟ್ಟವನ್ನು ಏರಿಸುತ್ತವೆ. ಬಿಪಿ ಮಾತ್ರೆಯ ಹೆಸರಿನ ಕೊನೆಯಲ್ಲಿ ‘ಎಚ್’ ಎಂಬ ಅಕ್ಷರವಿದ್ದರೆ, ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿರುತ್ತದೆ. ಅದು ಈ ಪೈಕಿ ಮುಖ್ಯವಾದದ್ದು. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಎರಡೂ ಬಗೆಯ ಮಾತ್ರೆಗಳ ಸ್ಟ್ರಿಪ್‌ಗಳನ್ನು ಹಿಡಿದುಕೊಂಡು ನಾಳೆ ಬೆಳಿಗ್ಗೆಯೇ ಇಬ್ಬರಲ್ಲಿ ಒಬ್ಬರ ಬಳಿಗೆ ಹೋಗಿ. ಕೈ ನಡುಕ, ವಾಂತಿ, ತೂರಾಟ ಈಗಾಗಲೇ ಇದ್ದರೆ ಬೆಳಗಾಗುವವರೆಗೆ ಕಾಯದೆ ಇಂದು ರಾತ್ರಿಯೇ ಹೋಗಿ.