ಮುದ್ರಣಯಂತ್ರವಿಲ್ಲದೆ ಸೋವಿಯತ್ ಭಿನ್ನಮತೀಯರು ಭೂಗತ ಪತ್ರಿಕೆ ಹಂಚಿದ್ದು ಹೇಗೆ?

ಟೈಪ್‌ರೈಟರ್ ಮತ್ತು ಕಾರ್ಬನ್ ಹಾಳೆಯಿಂದ. ಪ್ರೆಸ್ಸು, ನಕಲು ಯಂತ್ರಗಳೆಲ್ಲ ಸರ್ಕಾರದ ಹಿಡಿತದಲ್ಲಿದ್ದವು. ಹಾಗಾಗಿ ತೆಳ್ಳನೆಯ ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಕೀಲಿಗಳನ್ನು ಬಲವಾಗಿ ಕುಟ್ಟಿ, ಒಂದೇ ಸಲಕ್ಕೆ ಐದಾರು ಪ್ರತಿ ತೆಗೆಯುತ್ತಿದ್ದರು. ಕಾಗದ ದಪ್ಪವಾದರೆ ಅಡಿಯ ಪ್ರತಿಗಳು ಓದಲಾಗದಷ್ಟು ಮಸುಕು. ಪ್ರತಿ ಸಿಕ್ಕವರು ಮತ್ತೆ ಟೈಪ್ ಮಾಡಿ ದಾಟಿಸುತ್ತಿದ್ದರು. ಇದೇ ಸಮಿಜ್ದಾತ್.

1968ರ ಏಪ್ರಿಲ್‌ನಲ್ಲಿ ಮಾಸ್ಕೋದಲ್ಲಿ ನತಾಲ್ಯಾ ಗೋರ್ಬನೆವ್‌ಸ್ಕಯಾ ಶುರುಮಾಡಿದ ‘ಪ್ರಚಲಿತ ಘಟನೆಗಳ ವೃತ್ತಾಂತ’ ಎಂಬ ಭೂಗತ ಪತ್ರಿಕೆಯ ನಿಜವಾದ ಜಾಣ್ಮೆ ಇದ್ದದ್ದು ಸುದ್ದಿ ಸಂಗ್ರಹದಲ್ಲಿ. ಬಂಧನ, ಮನೆಶೋಧದ ಸುದ್ದಿಯನ್ನು ನಿಮಗೆ ಪ್ರತಿ ಕೊಟ್ಟವರಿಗೇ ತಿಳಿಸಬೇಕು, ಅವರು ತಮಗೆ ಕೊಟ್ಟವರಿಗೆ. ಸರಪಳಿಯ ತುದಿ ಹುಡುಕಲು ಹೊರಟರೆ ನಿಮ್ಮನ್ನೇ ಬೇಹುಗಾರ ಅಂದುಕೊಳ್ಳುತ್ತಾರೆ ಎಂದು ಪತ್ರಿಕೆಯೇ ಎಚ್ಚರಿಸಿತ್ತು. ಹೀಗಾಗಿ ಸಾಮಾನ್ಯ ಓದುಗ ಸಿಕ್ಕಿಬಿದ್ದರೂ ಹೇಳಲು ಅವನಿಗೆ ಅಕ್ಕಪಕ್ಕದ ಕೊಂಡಿಗಳಷ್ಟೇ ಗೊತ್ತು.

ಆದರೆ ಪತ್ರಿಕೆಯ ಕೇಂದ್ರದಲ್ಲೇ ಇದ್ದವರಿಗೆ ಈ ರಕ್ಷಣೆ ಇರಲಿಲ್ಲ. 1972ರಲ್ಲಿ ಬಂಧಿತರಾದ ಪ್ಯೋತ್ರ್ ಯಾಕಿರ್, ವಿಕ್ಟರ್ ಕ್ರಾಸಿನ್ ಬಾಯಿಬಿಟ್ಟರು. ಹೊಸ ಸಂಚಿಕೆ ಬಂದರೆ ಇನ್ನಷ್ಟು ಜನರನ್ನು ಹಿಡಿಯುತ್ತೇವೆ ಎಂದು ಸೋವಿಯತ್ ಗುಪ್ತಚರ ಪೊಲೀಸ್ ಸಂಸ್ಥೆ ಕೆಜಿಬಿ ಬೆದರಿಸಿತು, ಪತ್ರಿಕೆ ನಿಂತಿತು. 1974ರ ಮೇನಲ್ಲಿ ಮೂರು ಸಂಚಿಕೆಗಳು ಒಟ್ಟಿಗೆ ಹೊರಬಿದ್ದವು. ಆಗ ತತ್ಯಾನಾ ವೆಲಿಕನೋವಾ, ಸೆರ್ಗೇಯ್ ಕೊವಲ್ಯೋವ್, ತತ್ಯಾನಾ ಖೊದೊರೊವಿಚ್ ಹಂಚಿಕೆಯ ಹೊಣೆ ನಮ್ಮದೆಂದು ಬಹಿರಂಗವಾಗಿ ಸಾರಿದರು. ಎಂಥಾ ಧೈರ್ಯ! ಅದೇ ವರ್ಷ ಡಿಸೆಂಬರ್‌ನಲ್ಲಿ ಕೊವಲ್ಯೋವ್ ಬಂಧನವಾಯಿತು. ಪತ್ರಿಕೆ ಮಾತ್ರ 1980ರ ದಶಕದವರೆಗೂ ಬರುತ್ತಿತ್ತು.